ಸೋಲು ಕತ್ತರಿಸುವ ಕೆಲಸ

ಆ ವರ್ಷ ನಮ್ಮ ದೊರೆಯ ತಂಡ ಗೆದ್ದದ್ದು ಒಂದೇ ಒಂದು ಆಟ. ಅದೂ ಎದುರಿನವನ ಕೈಯಿಂದ ಚೆಂಡು ಜಾರಿ ಬಿದ್ದದ್ದರಿಂದ. ಉಳಿದದ್ದೆಲ್ಲ ಸೋಲು. ಗೌರವದ ಸೋಲೂ ಅಲ್ಲ, ಮುಖ ಮುಚ್ಚಿಕೊಂಡು ಮನೆಗೆ ಹೋಗುವಂಥ ಸೋಲು. ಅವನಿಗಿಂತ ಮೊದಲು ಅದೆಲ್ಲ ತಿಳಿಯುತ್ತಿದ್ದದ್ದು ನನಗೆ. ಉಡುಪಿ ಕಡೆಯವನು ನಾನು, ಕಬಡ್ಡಿ, ವಾಲಿಬಾಲು ಬಿಟ್ಟರೆ ಬೇರೆ ಆಟದ ಗಂಧಗಾಳಿ ಇಲ್ಲದವನು. ಅಂಥ ನಾನು ಸೌದಿಯ ಅಲ್ ಖೋಬರಿನ ಒಂದು ಆಫೀಸಿನಲ್ಲಿ ಕೂತು, ಅಮೆರಿಕದ ಯಾವುದೋ ಊರಿನ ಫುಟ್‌ಬಾಲ್ ತಂಡದ ಸೋಲನ್ನು ವಾರವಾರವೂ ಕತ್ತರಿ ಹಿಡಿದು ಪೇಪರಿನಿಂದ ಕತ್ತರಿಸಿ ತೆಗೆಯುತ್ತಿದ್ದೆ. ಹಣೆಬರಹ ಅಂದರೆ ಅದು.

ಅದು ತೊಂಬತ್ತರ ದಶಕ. ಪೈಪು, ವಾಲ್ವುಗಳ ರಿಪೇರಿಯ ಗುತ್ತಿಗೆ ಹಿಡಿಯುವ ಕಂಪೆನಿಯಲ್ಲಿ ನಾನು ಟೈಪಿಸ್ಟ್. ನಮ್ಮ ಮ್ಯಾನೇಜರ್ ಅಮೆರಿಕದವನು. ಆರಡಿಗೂ ಮೀರಿದ ಎತ್ತರ, ಬಿಸಿಲಿಗೆ ಕೆಂಪಾಗಿ ಸಿಪ್ಪೆ ಏಳುವ ಕುತ್ತಿಗೆ. ಬಂದ ದಿನವೇ ‘ಹೆಸರು ಹಿಡಿದು ಕರಿ’ ಎಂದಿದ್ದ. ನನ್ನ ನಾಲಿಗೆ ಏಳಲಿಲ್ಲ. ಎದುರಿಗೆ ‘ಸರ್’, ಹಿಂದಿನಿಂದ ‘ದೊರೆ’. ಬಿಳಿಯರನ್ನೆಲ್ಲ ದೊರೆ ಎನ್ನುವ ನಮ್ಮೂರಿನ ಮಾತು ಸಮುದ್ರ ದಾಟಿ ಅಲ್ಲಿಗೂ ಬಂದಿತ್ತು.

ದೊರೆಗೆ ಹೆಂಡತಿ ಮಕ್ಕಳ ಮೇಲೆ ಎಷ್ಟು ಪ್ರೀತಿ ಇತ್ತೋ ಗೊತ್ತಿಲ್ಲ, ತನ್ನ ಊರಿನ ಆ ತಂಡದ ಮೇಲೆ ಮಾತ್ರ ಪ್ರಾಣ. ಭಾನುವಾರ ಅಲ್ಲಿ ನಡೆದ ಆಟವನ್ನು ಅವನ ತಮ್ಮ ಟೇಪಿನಲ್ಲಿ ಹಿಡಿದು ಕಂಪೆನಿಯ ಟಪಾಲಿನ ಚೀಲದಲ್ಲಿ ಕಳಿಸುತ್ತಿದ್ದ. ಅದು ನಮ್ಮ ಕೈಗೆ ಬರುವಾಗ ಎರಡು ವಾರ ಹಳಸಿರುತ್ತಿತ್ತು. ನಡುನಡುವೆ ಕುಣಿಯುವ ಹುಡುಗಿಯರು ಕಂಡರೆ ಇಲ್ಲಿಯ ಕಸ್ಟಮ್ಸಿನವರು ಟೇಪು ಇಟ್ಟುಕೊಂಡಾರು ಎಂದು ತಮ್ಮ ಅಲ್ಲಲ್ಲಿ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದನಂತೆ. ಹಾಗಾಗಿ ಆಟಗಾರ ಓಡುತ್ತಿದ್ದವನು ಒಮ್ಮೆಲೇ ನಿಂತು ನೀರು ಕುಡಿಯುತ್ತಿರುತ್ತಿದ್ದ.

ಟೇಪು ಬರುವ ತನಕ ಯಾರೂ ಅವನಿಗೆ ಫಲಿತಾಂಶ ಹೇಳಕೂಡದು. ಇದು ಆಫೀಸಿನ ಕಾನೂನು. ‘ನಾನು ನೋಡುವ ತನಕ ಆ ಆಟ ನಡೆದೇ ಇಲ್ಲ’ ಎನ್ನುತ್ತಿದ್ದ. ಆದರೆ ನಮ್ಮಲ್ಲಿಗೆ ಬರುತ್ತಿದ್ದ ಇಂಗ್ಲಿಷ್ ಪೇಪರಿನ ಕ್ರೀಡಾಪುಟದ ಮೂಲೆಯಲ್ಲಿ, ಮಂಗಳವಾರ, ಇರುವೆಯಂಥ ಅಕ್ಷರದಲ್ಲಿ ಅಮೆರಿಕದ ಫಲಿತಾಂಶಗಳೆಲ್ಲ ಬರುತ್ತಿದ್ದವು. ಅಷ್ಟು ಭಾಗವನ್ನು ಚೌಕವಾಗಿ ಕತ್ತರಿಸಿ, ಕಿಂಡಿ ಬಿದ್ದ ಪೇಪರನ್ನು ಅವನ ಮೇಜಿನ ಮೇಲೆ ಇಡುವುದು ನನ್ನ ಪಾಲಿಗೆ ಬಂತು. ಹೀಗೆ ನಾನು ನೋಡಬೇಕಾಯಿತು. ನೋಡದೆ ಕತ್ತರಿಸುವುದು ಹೇಗೆ?

ಕೆಟ್ಟ ಸುದ್ದಿ ಅಡಗಿಸುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಗಲ್ಫಿನಲ್ಲಿ ಒಂದು ಪದ್ಧತಿ ಇತ್ತು, ಇವತ್ತೂ ಇರಬಹುದು. ಊರಲ್ಲಿ ಯಾರಾದರೂ ತೀರಿಕೊಂಡರೆ ನಮ್ಮ ಕೋಣೆಯವರು ಅದನ್ನು ನೇರ ಹೇಳುತ್ತಿರಲಿಲ್ಲ. ಮೊದಲನೆಯ ದಿನ ‘ಸ್ವಲ್ಪ ಹುಷಾರಿಲ್ಲವಂತೆ.’ ಮರುದಿನ ‘ಅಡ್ಮಿಟ್ ಮಾಡಿದ್ದಾರಂತೆ.’ ಆಮೇಲೆ, ರಜೆಯ ಕಾಗದಪತ್ರ ಎಲ್ಲ ಕೈಗೆ ಬಂದ ಮೇಲೆ, ನಾಲ್ಕು ಜನ ಒಟ್ಟಾಗಿ ಬಂದು ಮಂಚದ ಮೇಲೆ ಸುಮ್ಮನೆ ಕೂತುಕೊಳ್ಳುತ್ತಿದ್ದರು. ಬಾಯಿಬಿಟ್ಟು ಯಾರೂ ಏನೂ ಹೇಳಬೇಕಾಗಿರಲಿಲ್ಲ. ಪಾಸ್‌ಪೋರ್ಟ್ ಕಂಪೆನಿಯ ಕಪಾಟಿನಲ್ಲಿ, ದೇಶ ಬಿಟ್ಟು ಹೋಗಿ ಬರುವ ವೀಸಾ ಕಫೀಲನ, ಅಂದರೆ ನಮ್ಮನ್ನು ಕರೆಸಿಕೊಂಡ ಸೌದಿ ಧಣಿಯ, ಕೈಯಲ್ಲಿ. ಮೊದಲೇ ಹೇಳಿಬಿಟ್ಟರೆ ಆ ಮನುಷ್ಯ ಹೋಗಲೂ ಆಗದೆ, ಇರಲೂ ಆಗದೆ ತಲೆ ಚಚ್ಚಿಕೊಳ್ಳಬೇಕು. ಅದಕ್ಕೆ ಈ ಕರುಣೆ.

ನಮ್ಮ ಕ್ಯಾಂಪಿನಲ್ಲಿ ಈ ಕರುಣೆಯ ಯಜಮಾನಿಕೆ ಕಾಕನದ್ದು. ಕಾಕ ಅಂದರೆ ನನ್ನ ಕೋಣೆಯವರು, ಮಂಗಳೂರು ಕಡೆಯ ಬ್ಯಾರಿ ಮುಸಲ್ಮಾನರು, ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಸ್ಟೋರಿನಲ್ಲಿ ಫೋನ್ ಇದ್ದದ್ದರಿಂದ ಊರಿನ ಕರೆಗಳೆಲ್ಲ ಅವರಿಗೆ ಬರುತ್ತಿದ್ದವು. ನನ್ನ ಅಪ್ಪ ಹೋದದ್ದನ್ನೂ ನನಗೆ ಹೀಗೆಯೇ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ತಿಳಿಸಿದ್ದು ಅವರೇ. ನಾನು ಊರು ಮುಟ್ಟುವಾಗ ಅಪ್ಪನ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು. ಮುಖ ಸಿಕ್ಕಲಿಲ್ಲ. ಆ ಸಂಕಟ ನನ್ನ ಎದೆಯಿಂದ ಇಳಿದೇ ಇರಲಿಲ್ಲ.

ಈಗ ಅಮ್ಮ. ಅದೇ ಫುಟ್‌ಬಾಲ್ ಶುರುವಾದ ತಿಂಗಳಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತ್ತು. ಅಣ್ಣ ಉಡುಪಿಯಲ್ಲಿ ಬಾಡಿಗೆ ಮನೆಯಲ್ಲಿದ್ದ, ಅಮ್ಮ ಅವನೊಟ್ಟಿಗೆ. ‘ರಜೆಗೆ ಬಂದರೆ ಸಾಕು, ಅಷ್ಟರ ತನಕ ಎಂತ ಆಗುದಿಲ್ಲ’ ಎಂದಿದ್ದ ಅಣ್ಣ. ನನ್ನ ರಜೆ ಇದ್ದದ್ದು ಚಳಿಗಾಲ ಕಳೆದ ಮೇಲೆ. ಅಷ್ಟರೊಳಗೆ ಅವಳು ಹೋಗಿಬಿಟ್ಟರೆ? ಅವಳ ಜೀವ ಇರುವಾಗ ಒಮ್ಮೆ ಮುಖ ನೋಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ, ದೇವರಲ್ಲಿ ಬೇರೆ ಏನೂ ಕೇಳಿರಲಿಲ್ಲ.

ಅಮ್ಮನ ಬಗ್ಗೆ ಹೇಳಬೇಕು. ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು. ನಾಲಿಗೆ ಮಾತ್ರ ಮೆಣಸಿನ ಹುಡಿ. ಹುಟ್ಟಿದಂದಿನಿಂದ ನನಗೊಂದು ಒಳ್ಳೆಯ ಮಾತು ಹೇಳಿದ್ದು ಕೇಳಿಲ್ಲ. ಸೌದಿಗೆ ಹೊರಟ ದಿನವೂ ‘ಹೋಗು ಹೋಗು, ಈ ಮೋರೆ ನೋಡಿ ಅಲ್ಲಿಯಾದ್ರೂ ಯಾರಾದ್ರೂ ಅನ್ನ ಹಾಕ್ತಾರಾ ನೋಡುವಾ’ ಎಂದು ಹೇಳಿ ಒಳಗೆ ಹೋದವಳು, ನಾನು ರಿಕ್ಷಾ ಹತ್ತುವ ತನಕ ಹೊರಗೆ ಬರಲೇ ಇಲ್ಲ. ಪಕ್ಕದ ಮನೆಯ ಫೋನಿನಲ್ಲಿ ಸಿಕ್ಕಿದರೆ ‘ದುಡ್ಡು ಸುರಿಯಬೇಡ ಮಂಗ, ಇಡು’ ಎಂದು ಅವಳೇ ಇಟ್ಟುಬಿಡುತ್ತಿದ್ದಳು. ಬೈಗುಳ ಕಡಿಮೆಯಾದರೆ ಅವಳಿಗೆ ಜ್ವರ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ಆ ಸಿಡುಕು ನನಗೂ ಬಂದಿದೆ. ಆಫೀಸಿನಲ್ಲಿ ನನ್ನನ್ನು ಮಾತಾಡಿಸಲು ಜನ ಎರಡು ಸಲ ಯೋಚಿಸುತ್ತಿದ್ದರು.

ಗುರುವಾರ ಮಧ್ಯಾಹ್ನ ಆಫೀಸು ಬಿಟ್ಟ ಮೇಲೆ, ಸುರಕ್ಷತೆಯ ಪಾಠದ ವೀಡಿಯೊ ತೋರಿಸುವ ಕೋಣೆಯಲ್ಲಿ ದೊರೆ ಟೇಪು ನೋಡುತ್ತಿದ್ದ. ಒಬ್ಬನೇ ನೋಡಲು ಬೇಸರವೆಂದು ನನ್ನನ್ನೂ ಕೂರಿಸುತ್ತಿದ್ದ. ಮೊದಮೊದಲು ನನಗೆ ತಲೆಬುಡ ತಿಳಿಯಲಿಲ್ಲ. ಅವರು ಫುಟ್‌ಬಾಲ್ ಎನ್ನುವ ಆ ಆಟದಲ್ಲಿ ಕಾಲಿಗೆ ಚೆಂಡು ತಾಗುವುದೇ ಅಪರೂಪ. ನಾಲ್ಕು ಹೆಜ್ಜೆ ಓಡುವುದು, ಒಬ್ಬರ ಮೇಲೊಬ್ಬರು ಬೀಳುವುದು, ಎದ್ದು ಗುಂಪುಗೂಡಿ ಮೀಟಿಂಗು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಮೀಟಿಂಗು. ಇದೇನು ಆಟವೋ ಪಂಚಾಯತಿಯೋ ಅನಿಸುತ್ತಿತ್ತು. ನಡುವೆ ಇಬ್ಬರು ಸರಪಳಿ ಹಿಡಿದು ಓಡಿ ಬಂದು, ಜಾಗದ ತಕರಾರಿಗೆ ಬಂದ ಸರ್ವೆಯವರ ಹಾಗೆ ನೆಲ ಅಳೆಯುತ್ತಿದ್ದರು. ದೊರೆಯ ತಂಡಕ್ಕೆ ಯಾವಾಗಲೂ ಗೇಣು ಕಡಿಮೆಯಾಗುತ್ತಿತ್ತು.

ಸೋಲು ಹೆಚ್ಚಿದ ಹಾಗೆ ಸ್ಟೇಡಿಯಮ್ಮಿನಲ್ಲಿ ಜನ ಕಡಿಮೆಯಾದರು. ಬಂದವರಲ್ಲಿ ಕೆಲವರು ದಿನಸಿ ಅಂಗಡಿಯ ಕಾಗದದ ಚೀಲಕ್ಕೆ ಕಣ್ಣಿಗೆರಡು ತೂತು ಮಾಡಿ ತಲೆಗೆ ಹಾಕಿಕೊಂಡು ಕೂತಿದ್ದರು.

“ಅದೆಂಥದ್ದು ಸರ್?” ಎಂದು ಕೇಳಿದೆ.

“ನಾಚಿಕೆ. ಈ ತಂಡಕ್ಕಾಗಿ ಬಂದವರು ತಾವೆಂದು ಯಾರಿಗೂ ಗೊತ್ತಾಗಬಾರದು.”

“ಹಾಗಾದರೆ ಮನೆಯಲ್ಲೇ ಕೂರಬಹುದಲ್ಲ?”

“ಅದು ಹೇಗೆ ಆಗುತ್ತದೆ?” ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದ.

ಎಷ್ಟೇ ಹಿಂದೆ ಬಿದ್ದಿರಲಿ, ಕೊನೆಯ ಸೀಟಿ ಊದುವ ತನಕ ದೊರೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನನಗೆ ಊಟದ ಹೊತ್ತು ಮೀರಿ ಹೊಟ್ಟೆ ತಾಳ ಹಾಕುತ್ತಿರುತ್ತಿತ್ತು. ಸತ್ತ ಹೆಣಕ್ಕೆ ಇವನೆಂಥ ಕಾವಲು ಮಾರಾಯ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಒಂದು ಮಂಗಳವಾರ ಪೇಪರು ಕತ್ತರಿಸಿ, ಚಹಾದ ಜೊತೆ ಅವನ ಮೇಜಿನ ಮೇಲಿಟ್ಟೆ. ಒಂದು ಗುಟುಕು ಕುಡಿದವನು ನನ್ನ ಮುಖ ನೋಡಿದ.

“ಈ ವಾರವೂ ಸೋತೆವು ಅಲ್ಲವಾ?”

ನಾನು ಗಾಬರಿಯಾದೆ. “ಯಾರು ಹೇಳಿದ್ದು ಸರ್?”

“ನೀನು. ಚಹಾಕ್ಕೆ ಸಕ್ಕರೆ ಜಾಸ್ತಿ. ತಟ್ಟೆಯಲ್ಲಿ ಬಿಸ್ಕೆಟು. ರಾತ್ರಿ ನಿದ್ದೆ ಬಂತಾ ಎಂದು ಬೇರೆ ಕೇಳಿದೆ. ನೀನು ಮಹಾ ಸಿಡುಕ. ಸೋತ ಮಂಗಳವಾರ ಮಾತ್ರ ನೀನು ಒಳ್ಳೆಯವನಾಗುತ್ತೀ.”

ಹೌದಲ್ಲ! ನನಗೇ ತಿಳಿಯದೆ ಹಾಗಾಗುತ್ತಿತ್ತು. ಆಮೇಲೆ ಹಟ ಹಿಡಿದು ಮುಖ ಗಂಟಿಕ್ಕಿಕೊಂಡು ಚಹಾ ಕೊಟ್ಟು ನೋಡಿದೆ. ಅದೂ ಅವನಿಗೆ ಗೊತ್ತಾಗುತ್ತಿತ್ತು. ಆದರೂ ಗುರುವಾರ ಬಂದರೆ ಟೇಪು ಹಾಕಿಕೊಂಡು ಕೂರುತ್ತಿದ್ದ, ಏನೂ ಗೊತ್ತಿಲ್ಲದವನಂತೆ.

ಡಿಸೆಂಬರಿನ ಒಂದು ಶುಕ್ರವಾರ. ರಜೆಯ ದಿನ. ಕಾಕ ಮಸೀದಿಯಿಂದ ಬಂದು ಅಡುಗೆ ಮಾಡಿದರು. ಶುಕ್ರವಾರ ಅಡುಗೆ ಅವರದ್ದು, ಪಾತ್ರೆ ನನ್ನದು, ಅದಕ್ಕಾಗಿ ವಾರವಾರವೂ ನಮ್ಮಿಬ್ಬರಿಗೆ ಜಗಳ. ಅವತ್ತು ನೋಡಿದರೆ ಅಂಜಲ್ ಮೀನಿನ ಫ್ರೈ. ನಡುವಿನ ದಪ್ಪ ತುಂಡು ನನ್ನ ಬಟ್ಟಲಿಗೆ. ಹಿಂದಿನ ದಿನ ನಾನು ಹಾಗೇ ಬಿಟ್ಟಿದ್ದ ಪಾತ್ರೆಗಳು ತೊಳೆದು ಕವುಚಿದ್ದವು. ಗೋಡೆಗೆ ನನ್ನ ಅಂಗಿ ಇಸ್ತ್ರಿಯಾಗಿ ತೂಗುತ್ತಿತ್ತು.

“ತಿನ್ನು ಮಗಾ. ಇನ್ನೊಂದು ಹಾಕ್ಲಾ?” ಎಂದರು ಕಾಕ.

ಮಗಾ! ಇಷ್ಟು ವರ್ಷದಲ್ಲಿ ‘ಮಾರಾಯ’ ಬಿಟ್ಟು ಬೇರೆ ಕರೆದವರಲ್ಲ. ಬಾಯಿಗೆ ಹೋಗಬೇಕಾಗಿದ್ದ ತುತ್ತು ಕೈಯಲ್ಲೇ ನಿಂತಿತು. ನನ್ನ ಮಂಗಳವಾರದ ಚಹಾ ನೆನಪಾಯಿತು.

“ಕಾಕ, ಊರಿಂದ ಫೋನ್ ಬಂದಿತ್ತಾ?”

“ಹ್ಞಾಂ... ಬಂದಿತ್ತು. ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ ಅಂತ.”

“ಮತ್ತೆ?”

“ಅಡ್ಮಿಟ್ ಮಾಡಿದ್ದಾರಂತೆ.”

“ಮೂರನೇದ್ದೂ ಹೇಳಿಬಿಡಿ ಕಾಕ.”

ಕಾಕ ತೋಳಿನಿಂದ ಕಣ್ಣು ಒರೆಸಿಕೊಂಡು ನನ್ನ ಬೆನ್ನ ಮೇಲೆ ಕೈಯಿಟ್ಟರು. ನಾನು ಬಟ್ಟಲು ದೂಡಿ ಅತ್ತೆ. ಸ್ವಲ್ಪ ಹೊತ್ತಿಗೆ ಪಕ್ಕದ ಕೋಣೆಗಳ ನಮ್ಮೂರಿನವರು ಬಂದು ಮಂಚದ ಮೇಲೆ ಸಾಲಾಗಿ ಕೂತರು. ಎಲ್ಲರೂ ನೆಲ ನೋಡುತ್ತಿದ್ದರು. ಇನ್ನು ಕೇಳಲು ಏನು ಉಳಿದಿದೆ?

ಫೋನ್ ಬಂದದ್ದು ಎರಡು ದಿನ ಮೊದಲು. ವೀಸಾ ಕೈಗೆ ಬರಲಿ ಎಂದು ಕಾಕ ಕಾದಿದ್ದರಂತೆ. ಶನಿವಾರ ಅರ್ಜಿ ಕೊಟ್ಟು, ಎಲ್ಲ ಆದ ಮೇಲೆ ಹೇಳುವುದು ಎಂದು ಲೆಕ್ಕ ಹಾಕಿದ್ದರು. ನಾನು ಬೀದಿಯ ಫೋನಿನಿಂದ ಊರಿನ ಪಕ್ಕದ ಮನೆಗೆ ಮಾಡಿದೆ. ಬೆಲ್ ಹೋಯಿತು, ಹೋಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

“ಅಲ್ಲೆಲ್ಲ ಆ ಗಡಿಬಿಡಿ ಇರ್ತದಲ್ಲ ಮಗಾ,” ಎಂದರು ಕಾಕ. ನನಗೂ ಹಾಗೇ ಕಂಡಿತು. ಸಾವಿನ ಮನೆಯಲ್ಲಿ ಫೋನ್ ಎತ್ತಲು ಯಾರಿಗೆ ಪುರುಸೊತ್ತು?

ತಂದೆಗೆ ಹಿರಿಯ, ತಾಯಿಗೆ ಕಿರಿಯ. ನಮ್ಮಲ್ಲಿ ಕ್ರಿಯೆಯ ಹಕ್ಕು ಹಾಗೆ. ಅಪ್ಪನದ್ದನ್ನು ಅಣ್ಣ ಮಾಡಿದ್ದ. ಅಮ್ಮನದ್ದು ನನ್ನದು. ಕೊಳ್ಳಿ ಇಡುವ ಭಾಗ್ಯ ತಪ್ಪಿತು, ತಲೆಯನ್ನಾದರೂ ಕೊಡುವ ಎಂದು ಸಂಜೆಯ ನಮಾಜಿನ ಮೊದಲೇ ಕ್ಷೌರದ ಅಂಗಡಿಗೆ ಹೋದೆ. ಪಾಕಿಸ್ತಾನದವನ ಅಂಗಡಿ. ಮಶೀನು ಹಾಕಿ, ಆಮೇಲೆ ಬ್ಲೇಡಿನಿಂದ ನುಣ್ಣಗೆ ಎಳೆದ. ಮೀಸೆಯನ್ನೂ ತೆಗಿ ಎಂದಾಗ ಒಮ್ಮೆ ಮುಖ ನೋಡಿದ. ಟವೆಲು ಕೊಡವಿ ನಗುತ್ತಾ ಕೈ ಹಿಡಿದು ಕುಲುಕಿದ. “ಉಮ್ರಾ ಮುಬಾರಕ್ ಹೋ ಭಾಯೀ!” ಅಲ್ಲಿ ತಲೆ ಬೋಳಿಸುವವರೆಲ್ಲ ಮಕ್ಕಾಕ್ಕೆ ಹೋಗಿ ಬಂದವರು. ನಾನು ಹ್ಞೂಂ ಎಂದು ಹಣ ಕೊಟ್ಟು ಹೊರಗೆ ಬಂದೆ.

ಕಾಕ ಎಳ್ಳು ತಂದುಕೊಟ್ಟರು. ಪೇಟೆಯಿಡೀ ಹುಡುಕಿದರೂ ಬಿಳಿ ಎಳ್ಳೇ ಸಿಕ್ಕಿದ್ದು. “ಕಪ್ಪು ಸಿಗ್ಲಿಲ್ಲ, ಆಗ್ತದಾ?” ಎಂದು ಹೆದರಿ ಹೆದರಿ ಕೇಳಿದರು. ಆಗುತ್ತದೆ ಎಂದೆ. ಖೋಬರಿನ ಸಮುದ್ರದ ದಂಡೆಯಲ್ಲಿ ಕಲ್ಲುಗಳ ಮೇಲೆ ಕುಕ್ಕರಗಾಲಲ್ಲಿ ಕೂತು ಅಮ್ಮನ ಹೆಸರು ಹೇಳಿ ಎಳ್ಳು ನೀರು ಬಿಟ್ಟೆ. ಯಾರಾದರೂ ನೋಡಿದರೆ ಏನು ಗತಿ ಎಂದು ಕಾಕ ನನ್ನ ಹಿಂದೆ ಅಡ್ಡ ನಿಂತು, ಗಾಳಿ ತಿನ್ನಲು ಬಂದವರ ಹಾಗೆ ಅತ್ತ ಇತ್ತ ನೋಡುತ್ತಿದ್ದರು.

ಶನಿವಾರ ಬೆಳಿಗ್ಗೆ ರಜೆಯ ಅರ್ಜಿ ಹಿಡಿದು ದೊರೆಯ ಕೋಣೆಗೆ ಹೋದೆ. ನನ್ನ ತಲೆ ನೋಡಿ ಅವನು ಎದ್ದು ನಿಂತ.

“ಏನಾಯಿತು?”

“ತಾಯಿ ಹೋದರು ಸರ್.”

ಬಾಗಿಲು ಹಾಕಿ ಬಂದು ಕೂರಿಸಿದ. ಯಾವಾಗ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಹೇಗೆ? ಗೊತ್ತಿಲ್ಲ. ಯಾರು ಹೇಳಿದರು?

“ಯಾರೂ ಹೇಳಲಿಲ್ಲ. ಗೊತ್ತಾಯಿತು.”

“ಗೊತ್ತಾಯಿತು ಎಂದರೆ?”

ಮೀನು, ಪಾತ್ರೆ, ಇಸ್ತ್ರಿ ಮಾಡಿದ ಅಂಗಿ, ಮಂಚದ ಮೇಲೆ ಕೂತವರು, ಎಲ್ಲ ಹೇಳಿದೆ. ಅವನು ಹುಬ್ಬು ಗಂಟಿಕ್ಕಿದ್ದು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಮಂಗಳವಾರ ನೀವು ನನ್ನನ್ನು ಓದುತ್ತೀರಲ್ಲ, ಹಾಗೇ! ಒಮ್ಮೆಯಾದರೂ ತಪ್ಪಿದ್ದುಂಟಾ?” ಎಂದು ಕೂಗಿದೆ. ಮ್ಯಾನೇಜರಿನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು.

ಅವನು ಸಿಟ್ಟಾಗಲಿಲ್ಲ. “ತಪ್ಪಿಲ್ಲ,” ಎಂದ. “ಆದರೆ ನಾನು ಟೇಪು ನೋಡುತ್ತೇನೆ. ಪ್ರತಿ ಸಲವೂ ಪೂರ್ತಿ ನೋಡುತ್ತೇನೆ.”

ಮೇಜಿನ ಫೋನನ್ನು ನನ್ನ ಕಡೆ ದೂಡಿದ. ಮಾಡು ಎಂದ.

ಪಕ್ಕದ ಮನೆಯ ಅಕ್ಕ ಎತ್ತಿದರು. ನನ್ನ ಧ್ವನಿ ಕೇಳಿದ್ದೇ “ಹಿಡ್ಕೊಳ್ಳಿ, ನಿಮ್ಮಣ್ಣ ಈಗ ಗಂಜಿ ತಕೊಂಡು ಹೋಗ್ಲಿಕ್ಕೆ ಬಂದಿದ್ದಾರೆ” ಎಂದು ಓಡಿದರು. ಗಂಜಿ? ಯಾರಿಗೆ ಗಂಜಿ? ನನಗೆ ಆಗಲೂ ತಲೆಗೆ ಹೋಗಲಿಲ್ಲ. ಏದುಸಿರು ಬಿಡುತ್ತಾ ಅಣ್ಣ ಬಂದ.

“ಎಲ್ಲಿದ್ದಿ ಮಾರಾಯ ನೀನು? ಬೊಂಬಾಯಿಗೆ ಮುಟ್ಟಿದ್ಯಾ?”

“ಇಲ್ಲ. ಅಣ್ಣ, ಅಮ್ಮ...”

“ಅಮ್ಮನದ್ದು ಎಂತ ಹೇಳುದು, ಜೀವ ಹಿಡ್ಕೊಂಡು ಬಿದ್ದಿದ್ದಾಳೆ. ಕಣ್ಣು ಬಿಟ್ರೆ ಒಂದೇ ಮಾತು, ಆ ಮಂಗ ಬಂದನಾ ಅಂತ. ನಾನು ಆ ಸ್ಟೋರಿನವರತ್ರ ಹೇಳಿದ್ದೇನಲ್ಲ, ತುಂಬ ಕಷ್ಟ ಉಂಟು, ಕೂಡ್ಲೇ ಕಳಿಸಿ ಅಂತ? ನೀನಿನ್ನೂ ಹೊರಟೇ ಇಲ್ವಾ?”

ನನ್ನ ಎಡಗೈ ತಾನಾಗಿಯೇ ತಲೆಗೆ ಹೋಯಿತು. ನುಣ್ಣಗೆ, ತಣ್ಣಗೆ ಇತ್ತು. ಬದುಕಿರುವ ತಾಯಿಗೆ ತಲೆ ಕೊಟ್ಟಿದ್ದೆ. ಎಳ್ಳು ನೀರು ಬಿಟ್ಟಿದ್ದೆ. ಅವಳು ‘ಬಂದನಾ’ ಎಂದು ಕೇಳುತ್ತಿದ್ದ ಹೊತ್ತಿಗೆ ನಾನು ಅವಳ ಹೆಸರಿಗೆ ಪ್ರೇತ ಸೇರಿಸಿ ಸಮುದ್ರಕ್ಕೆ ಕೈ ತೊಳೆದಿದ್ದೆ. ಅಯ್ಯೋ ದೇವರೇ, ಇಂಥ ಕೆಲಸ ಶತ್ರುವೂ ಮಾಡಲಾರ.

ನೇರ ಸ್ಟೋರಿಗೆ ಓಡಿ ಕಾಕನ ಅಂಗಿಯ ಕಾಲರು ಹಿಡಿದೆ. ಬಾಯಿಗೆ ಬಂದ ಹಾಗೆ ಬೈದೆ. ಅವರು ತಪ್ಪಿಸಿಕೊಳ್ಳಲಿಲ್ಲ. ಕೇಳಿ ಕೇಳಿ, ವಾಲ್ವಿನ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

“ಇಪ್ಪತ್ತು ವರ್ಷ ಆಯ್ತು ನಾನು ಈ ಫೋನ್ ಎತ್ಲಿಕ್ಕೆ ಶುರು ಮಾಡಿ. ಬದುಕಿದವರಿಗಾಗಿ ಊರಿಂದ ಯಾರೂ ಇಲ್ಲಿಗೆ ಫೋನ್ ಮಾಡಿದ್ದಿಲ್ಲ ಮಾರಾಯ. ಕಷ್ಟ ಉಂಟು ಅಂತ ಹೇಳಿದವರದ್ದೆಲ್ಲ ಆಗಿಯೇ ಹೋಗಿತ್ತು. ನಿನ್ನ ಅಪ್ಪನದ್ದೂ ಹಾಗೇ ಹೇಳಿದ್ದಲ್ವಾ? ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಹೋದವರಿಗೆ ಎಂತ ಅವಸರ ಅಂತ ನಾನು...”

ನನಗೆ ಮತ್ತೆ ಬೈಯಲು ಆಗಲಿಲ್ಲ. ಸತ್ತವಳೆಂದು ತಿಳಿದದ್ದರಿಂದಲೇ ಅವರು ಅವಸರ ಮಾಡಲಿಲ್ಲ. ಕೂಡಲೇ ಓಡಿದ್ದರೆ ಈ ಹೊತ್ತಿಗೆ ನಾನು ಅರ್ಧ ದಾರಿ ಕಳೆದಿರುತ್ತಿದ್ದೆ. ಕಾಕ ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು!

ದೊರೆ ಸುಮ್ಮನೆ ಕೂರಲಿಲ್ಲ. ಸರಕಾರಿ ಕಚೇರಿಗಳಿಗೆ ಓಡಾಡುವ ಕಂಪೆನಿಯ ಸೌದಿ ನೌಕರನನ್ನು ಕರೆದು ನನ್ನ ವಾಸದ ಪರವಾನಗಿ ಇಕಾಮಾ, ಉಳಿದ ಕಾಗದಗಳನ್ನು ಕೊಟ್ಟು, “ಯಲ್ಲಾ, ಯಲ್ಲಾ!” ಎಂದು ಬಾಗಿಲ ತನಕ ದೂಡಿಕೊಂಡೇ ಹೋದ. ಅಷ್ಟು ಜೋರು ಮಾಡಿದರೂ ವೀಸಾ ಆಗುವಾಗ ಎರಡು ದಿನ ಬೇಕಾಯಿತು. ಸೋಮವಾರ ಸಂಜೆಯ ವಿಮಾನಕ್ಕೆ ಟಿಕೆಟು. ಮಧ್ಯಾಹ್ನ ದಾಟಿದರೂ ಪಾಸ್‌ಪೋರ್ಟ್ ಬರಲಿಲ್ಲ. ನಾನು ಆಫೀಸಿನ ಮೊಗಸಾಲೆಯಲ್ಲಿ ಬೋನಿನ ಹುಲಿಯ ಹಾಗೆ ಅತ್ತಿಂದಿತ್ತ ತಿರುಗುತ್ತಿದ್ದೆ. ದೊರೆ ನನ್ನನ್ನು ಕರೆದು ವೀಡಿಯೊ ಕೋಣೆಯಲ್ಲಿ ಕೂರಿಸಿ, ಆ ದಿನದ ಚೀಲದಲ್ಲಿ ಬಂದ ಟೇಪು ಹಾಕಿದ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಚಹಾ ಬೇಕಾ ಎಂದೂ ಕೇಳಲಿಲ್ಲ. ಅವನು ಬೇಕೆಂದೇ ಒರಟಾಗಿದ್ದಾನೆ ಎಂದು ತಿಳಿದು ನನ್ನ ಕಣ್ಣು ಉರಿಯಿತು.

ಆಟದಲ್ಲಿ ಅದೇ ಕತೆ. ಬೀಳುವುದು, ಏಳುವುದು, ಮೀಟಿಂಗು. ಆದರೆ ಕೊನೆಕೊನೆಗೆ ಅವನ ತಂಡ ಹೇಗೋ ಎದ್ದುಕೊಂಡಿತು. ಇನ್ನೊಂದು ಸಲ ಚೆಂಡು ಹಿಡಿದು ಕೊನೆಯ ಗೆರೆ ದಾಟಿದರೆ ಗೆಲುವು. ಗಡಿಯಾರದಲ್ಲಿ ಸ್ವಲ್ಪವೇ ಹೊತ್ತು ಉಳಿದಿತ್ತು. ಆ ಫಲಿತಾಂಶ ಕತ್ತರಿಸಿದವನು ನಾನೇ, ನನಗೆ ಅದು ಗೊತ್ತು. ನನ್ನ ಚಹಾದಿಂದ ಅವನಿಗೂ ಗೊತ್ತು. ಆದರೂ ಕುರ್ಚಿಯ ತುದಿಗೆ ಬಂದು ಕೂತಿದ್ದ. ಅಷ್ಟರಲ್ಲಿ ಬಾಗಿಲು ತೆರೆದು ಸೌದಿಯವನು ಪಾಸ್‌ಪೋರ್ಟ್ ಎತ್ತಿ ತೋರಿಸಿದ. ದೊರೆ ಎದ್ದ. ಕೊನೆಯ ಸೀಟಿಗೆ ಮೊದಲು ಅವನು ಏಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಟಿ.ವಿ. ಆರಿಸಿ, ಕಾರಿನ ಕೀಲಿ ತೆಗೆದುಕೊಂಡು, ಬಾ ಎಂದ. ದಹ್ರಾನಿನ ವಿಮಾನ ನಿಲ್ದಾಣದ ತನಕ ಅವನೇ ಕಾರು ಬಿಟ್ಟ.

ಬೊಂಬಾಯಿಗೆ ವಿಮಾನ, ಅಲ್ಲಿಂದ ಊರಿಗೆ ಬಸ್ಸು. ಬಸ್ಸಿನಲ್ಲಿ ಪಕ್ಕದವನು ನನ್ನ ತಲೆ ನೋಡಿ “ಯಾರು ತೀರ್ಕೊಂಡದ್ದು?” ಎಂದು ಮೆಲ್ಲಗೆ ಕೇಳಿದ. ನಮ್ಮೂರಿನವನೇ ಇರಬೇಕು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಅಮ್ಮ ಹೋದದ್ದು ನಾನು ಮುಟ್ಟಿದ ಮೇಲೆ, ಆ ವಾರ ಕಳೆಯುವುದರೊಳಗೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಅದರಲ್ಲಿ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಕೊಳ್ಳಿ ಇಟ್ಟದ್ದು ನಾನೇ. ತಲೆ ಬೋಳಿಸಲು ಬಂದವನು ನನ್ನ ತಲೆ ಮುಟ್ಟಿ ನೋಡಿ, ಇದೇನು ಎನ್ನುವಂತೆ ಅಣ್ಣನ ಮುಖ ನೋಡಿದ. ಅಣ್ಣ ಬೇರೆಲ್ಲೋ ನೋಡಿದ. ಕ್ಷೌರದವನು ಶಾಸ್ತ್ರಕ್ಕೆಂದು ನೀರು ಸವರಿ ಕತ್ತಿ ಆಡಿಸಿದ. ಬಾಳೆಎಲೆಯ ಮೇಲೆ ಬಿದ್ದದ್ದು ಒಂದು ಚಿಟಿಕೆ, ರಾಗಿ ಹಿಟ್ಟಿನಷ್ಟು.

ಮರೆಯಲಾಗದ್ದು ಅದಲ್ಲ. ಅದಕ್ಕೂ ಮೊದಲಿನದ್ದು, ನಾನು ಬಸ್ಸಿಳಿದು ನೇರ ಆಸ್ಪತ್ರೆಗೆ ಹೋದ ಹೊತ್ತಿನದ್ದು.

ಗೇಟಿನ ಹತ್ತಿರ ನಿಂತಿದ್ದ ಅಣ್ಣ ನನ್ನನ್ನು ನೋಡಿದ್ದೇ ಎದೆಗೆ ಕೈಯಿಟ್ಟುಕೊಂಡ. “ಎಂಥ ಕೆಲಸ ಮಾಡಿದ್ದಿ ಮಾರಾಯ! ಇದನ್ನು ಹೇಗೆ ಅವಳಿಗೆ ತೋರಿಸುದು?” ಅತ್ತಿಗೆ ಎದುರಿನ ಅಂಗಡಿಗೆ ಓಡಿ ಒಂದು ಉಲ್ಲನ್ ಟೊಪ್ಪಿ ತಂದರು, ಮಕ್ಕಳಿಗೂ ಮುದುಕರಿಗೂ ಹಾಕುವಂಥದ್ದು. ಕಿವಿಯ ತನಕ ಎಳೆದು ಕೂರಿಸಿದರು. ಆ ಸೆಕೆಯಲ್ಲಿ ಉಲ್ಲನ್ ಟೊಪ್ಪಿ! ನನಗೆ ಸ್ಟೇಡಿಯಮ್ಮಿನಲ್ಲಿ ಕಾಗದದ ಚೀಲ ಹಾಕಿಕೊಂಡು ಕೂತಿದ್ದವರ ನೆನಪಾಯಿತು. ಮನೆಯಲ್ಲೇ ಕೂರಬಹುದಲ್ಲ ಎಂದು ಕೇಳಿದ್ದೆ ನಾನು, ಮಹಾ ಬುದ್ಧಿವಂತ.

ಅಮ್ಮ ಮಂಚದಲ್ಲಿ ಅರ್ಧ ಆಗಿದ್ದಳು. ಕಣ್ಣು ಮಾತ್ರ ಮೊದಲಿನದ್ದೇ. ನನ್ನನ್ನು ಕಂಡದ್ದೇ ತುಟಿ ಅಲುಗಿತು.

“ಬಂದ್ಯಾ? ಈಗ ಪುರುಸೊತ್ತಾಯ್ತಾ ಮಂಗನಿಗೆ?”

ಆ ಬೈಗುಳ ಕೇಳಿ ನನ್ನ ಜೀವ ಬಂತು. ನಗು ಬಂತು. ಹತ್ತಿರ ಹೋಗಿ ಕೈ ಹಿಡಿದುಕೊಂಡೆ.

“ಇದೆಂತ, ಟೊಪ್ಪಿ?”

“ಶೀತ ಅಮ್ಮ. ವಿಮಾನದಲ್ಲಿ ಎ.ಸಿ.”

“ತೆಗಿ. ಮುಖ ಕಾಣುದಿಲ್ಲ ನಂಗೆ.”

“ಇರಲಿ ಅಮ್ಮ.”

ಅವಳೇ ಕೈ ಎತ್ತಿದಳು. ಅಷ್ಟು ಶಕ್ತಿ ಎಲ್ಲಿತ್ತೋ! ಟೊಪ್ಪಿಯನ್ನು ಹಿಂದಕ್ಕೆ ಸರಿಸಿದಳು. ಅವಳ ಬೆರಳು ನನ್ನ ತಲೆಯ ಮೇಲೆ, ಆಗಷ್ಟೇ ಮೊಳೆಯುತ್ತಿದ್ದ ಕೂದಲಿನ ಮೇಲೆ ಹೋಗಿ ನಿಂತಿತು. ಅಲ್ಲಿಂದ ಮೀಸೆ ಇಲ್ಲದ ತುಟಿಗೆ ಬಂತು. ನಮ್ಮಲ್ಲಿ ಗಂಡಸು ತಲೆ, ಮೀಸೆ ಎರಡನ್ನೂ ಕೊಡುವುದು ಹೆತ್ತವರಿಗೆ. ಅಪ್ಪ ಹೋಗಿ ವರ್ಷಗಳಾಗಿದ್ದವು. ಅವಳಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಬೈಗುಳಕ್ಕೆ ಕಾದೆ. ಬೈದುಬಿಡಲಿ ದೇವರೇ, ಶನಿ ಅನ್ನಲಿ, ಕತ್ತೆ ಅನ್ನಲಿ, ನಾನು ಸಾಯ್ಲಿಕ್ಕೆ ಮೊದಲೇ ಬೋಳಿಸಿದ್ಯಾ ಎಂದು ಕೆನ್ನೆಗೆ ಹೊಡೆಯಲಿ ಎಂದು ಹಲ್ಲು ಕಚ್ಚಿ ಕಾದೆ.

ಅಮ್ಮ ತಲೆ ಸವರಿದಳು.

“ಅಲ್ಲಿ ಭಾರೀ ಸೆಕೆ ಅಲ್ವಾ ಮಗಾ,” ಎಂದಳು. “ಒಳ್ಳೇದು ಮಾಡಿದೆ. ಚಂದ ಕಾಣ್ತದೆ ನಿಂಗೆ.”

ಆಮೇಲೆ ಅತ್ತಿಗೆಯ ಕಡೆ ತಿರುಗಿ ಹೇಳಿದಳು: “ಅವನಿಗೆ ಸ್ವಲ್ಪ ಕಾಫಿ ತಂದು ಕೊಡು. ಸಕ್ಕರೆ ಜಾಸ್ತಿ ಹಾಕ್ಲಿಕ್ಕೆ ಹೇಳು.”